ಕಪ್ಪು ಫಿಲ್ಟರ್ ಉಳಿಸಿ, ಬಿಳಿಯದನ್ನು ಎಸೆದ ಸೋಸಕ್ಕ

ಡಿಪೋದ ರಿಪೇರಿ ಶೆಡ್ಡಿನ ಹಿಂಗೋಡೆಗೆ ಉದ್ದಕ್ಕೂ ಒಂದು ತಂತಿ ಕಟ್ಟಿದೆ. ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಅದರ ತುಂಬ ನೆರಿಗೆ ನೆರಿಗೆಯಾದ ಕಾಗದದ ತುಂಡುಗಳು ನೇತಾಡುತ್ತವೆ. ಕೆಲವು ಬೂದು, ಕೆಲವು ತುಕ್ಕಿನ ಬಣ್ಣ, ಕೆಲವು ಡಾಂಬರಿನಷ್ಟು ಕಪ್ಪು. ಒಂದೊಂದಕ್ಕೂ ಒಂದೊಂದು ಚೀಟಿ: ವ್ಯಾನಿನ ನಂಬರು, ಓಡಿದ ದಾರಿ, ಓಡಿದ ಕಿಲೋಮೀಟರು. ಹದಿನಾಲ್ಕು ಡೀಸೆಲ್ ವ್ಯಾನುಗಳಿಂದ ಬಿಚ್ಚಿದ ಹಳೆಯ ಫಿಲ್ಟರುಗಳು ಇವು. ಕಳಚಿದ್ದನ್ನು ಎಸೆಯದೆ, ಕತ್ತರಿಸಿ, ಒಳಗಿನ ಕಾಗದ ಹೊರತೆಗೆದು ಹೀಗೆ ತೂಗುಹಾಕುವವರು ಐವತ್ತನಾಲ್ಕು ವರ್ಷದ ಮೆಕ್ಯಾನಿಕ್. ಡ್ರೈವರುಗಳ ಬಾಯಲ್ಲಿ ಅವರು ಸೋಸಕ್ಕ. ಎಂಜಿನ್ನಿಗೆ ಹೋಗುವ ಗಾಳಿ, ಡೀಸೆಲ್, ಆಯಿಲ್ ಮೂರನ್ನೂ ಸೋಸುವ ಹೊಣೆ ಹದಿನೆಂಟು ವರ್ಷದಿಂದ ಅವರದೇ.

ಅದಕ್ಕೆ ಮುಂಚೆ ಮೂರು ವರ್ಷ ಅವರು ಇದೇ ಡಿಪೋದಲ್ಲಿ ವ್ಯಾನ್ ತೊಳೆಯುತ್ತಿದ್ದರು. ಅದಕ್ಕೂ ಮುಂಚೆ ಮಾವನ ಹಿಟ್ಟಿನ ಗಿರಣಿ. ಗಿರಣಿಯ ಕಲ್ಲನ್ನು ತಿರುಗಿಸುತ್ತಿದ್ದದ್ದು ಒಂದು ಡೀಸೆಲ್ ಎಂಜಿನ್. ಹಿಟ್ಟಿನ ಧೂಳು ಅದರ ಗಾಳಿಯ ದಾರಿಯನ್ನು ಮುಚ್ಚಿಬಿಡುತ್ತಿತ್ತು. ಕಿವಿ ಮಂದವಾಗಿದ್ದ ಮಾವ ಎಂಜಿನ್ನಿನ ಕೊಳವೆಯ ಮೇಲೆ ಅಂಗೈ ಇಟ್ಟು ಅದರ ಕಷ್ಟ ತಿಳಿಯುತ್ತಿದ್ದರು. ಹೊಸದಾಗಿ ಬಂದ ಸೊಸೆ, ಜಾಲರಿಯನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದು ಕೇಳಿದಾಗ ಮಾವ ಕೊಟ್ಟ ಉತ್ತರ ಇಷ್ಟೇ: "ದಿನ ಎಣಿಸಬೇಡ, ಹಿಟ್ಟು ಎಣಿಸು." ಬೀಸುವುದು ಜಾಸ್ತಿಯಿದ್ದ ವಾರ ದಿನವೂ ತೊಳೆಯಬೇಕಾಗುತ್ತಿತ್ತು. ಕಲ್ಲು ನಿಂತಿದ್ದ ವಾರ ಮುಟ್ಟಬೇಕಾಗಿರಲಿಲ್ಲ.

ಡಿಪೋದಲ್ಲೂ ಸೋಸಕ್ಕ ನಡೆಸಿಕೊಂಡು ಬಂದಿದ್ದ ಈ ಲೆಕ್ಕಾಚಾರಕ್ಕೆ ಕುತ್ತು ಬಂದದ್ದು ಹೊಸ ಮ್ಯಾನೇಜರ್ ಬಂದ ಮೇಲೆ. ಅವರು ಮಾಲೀಕರ ಅಳಿಯ. ಎದುರಿಗೆ ಎಲ್ಲರಿಗೂ ಸಾರ್, ಬೆನ್ನ ಹಿಂದೆ ಅಳಿಯಂದಿರು. ಕೆಟ್ಟವರೇನಲ್ಲ. ಬಂದ ವಾರದಲ್ಲೇ ಕಂಪನಿಯ ಪುಸ್ತಕ ನೋಡಿ ದೊಡ್ಡ ಅಕ್ಷರದ ಪಟ್ಟಿಯೊಂದನ್ನು ಬರೆಸಿ ಗೋಡೆಗೆ ಹಾಕಿಸಿದರು. ಆಯಿಲ್ ಫಿಲ್ಟರ್ ಹತ್ತು ಸಾವಿರ ಕಿಲೋಮೀಟರಿಗೆ. ಏರ್ ಫಿಲ್ಟರ್ ಇಪ್ಪತ್ತು ಸಾವಿರಕ್ಕೆ. ಡೀಸೆಲ್ ಫಿಲ್ಟರ್ ನಲವತ್ತು ಸಾವಿರಕ್ಕೆ. ಹದಿನಾಲ್ಕಕ್ಕೂ ಒಂದೇ ಕಾನೂನು.

ತೊಂದರೆ ಏನೆಂದರೆ, ಹದಿನಾಲ್ಕಕ್ಕೂ ದಾರಿ ಒಂದೇ ಆಗಿರಲಿಲ್ಲ. ಕೆಲವು ಹೆದ್ದಾರಿಯಲ್ಲಿ ಓಡುತ್ತವೆ, ಕೆಲವು ಊರೊಳಗೆ. ಉಳಿದ ಐದು, ಅಂದರೆ ಎರಡು, ಐದು, ಏಳು, ಒಂಬತ್ತು, ಹನ್ನೊಂದನೇ ನಂಬರಿನವು, ಗುಡ್ಡದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್ ರೋಗಿಗಳನ್ನು ಕರೆದೊಯ್ಯುತ್ತವೆ. ಆ ದಾರಿಯ ಪಕ್ಕದಲ್ಲೇ ಕಲ್ಲು ಕ್ವಾರಿ. ಜಲ್ಲಿ ಯಂತ್ರದ ಪುಡಿ ರಸ್ತೆಯ ಮೇಲೆ ಸದಾ ತೆಳ್ಳಗೆ ತೇಲುತ್ತಿರುತ್ತದೆ. ಪಟ್ಟಿ ಬಂದ ಆರನೇ ತಿಂಗಳಲ್ಲಿ ಏಳನೇ ನಂಬರಿನ ವ್ಯಾನ್ ಏರಿನ ನಡುವೆ ನಿಂತಿತು. ಎರಡು ವಾರದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಅದೇ ವ್ಯಾನ್ ಮತ್ತೆ ಹಗ್ಗ ಕಟ್ಟಿಸಿಕೊಂಡು ಡಿಪೋಗೆ ಬಂತು.

ಅದರ ಡ್ರೈವರ್ ಸೋಸಕ್ಕನ ನಾದಿನಿ. ಗಂಡನ ತಂಗಿ, ನಲವತ್ತರ ಹೆಂಗಸು, ಸ್ಟಿಯರಿಂಗ್ ಹಿಡಿದಷ್ಟೇ ಗಟ್ಟಿಯಾಗಿ ಮಾತೂ ಹಿಡಿಯುವವಳು.

"ಅತ್ತಿಗೆ, ಮೂರನೇ ತಿರುವು. ಮತ್ತೆ ಅದೇ ಜಾಗ. ಅಲ್ಲೇ ಒಂದು ಮನೆ ಮಾಡ್ಕೊಂಡುಬಿಡೋಣ ಅನ್ಸುತ್ತೆ."

"ಒಳಗೆ ಎಷ್ಟು ಜನ ಇದ್ರು?"

"ಆರು. ಆ ರಿಟೈರ್ಡ್ ಮೇಷ್ಟ್ರೂ ಇದ್ರು. ಬೇರೆ ವ್ಯಾನ್ ಬರೋವರೆಗೂ ರಸ್ತೆ ಪಕ್ಕ ಕಲ್ಲಿನ ಮೇಲೆ ಕೂತಿದ್ರು, ಒಂದು ಗಂಟೆ ಹತ್ತು ನಿಮಿಷ. ನಂಗೆ ಮುಖ ಎತ್ತೋಕಾಗ್ಲಿಲ್ಲ."

"ಕೆಳಗೆ ಸಪಾಟು ರಸ್ತೇಲಿ ಹೇಗೆ ಓಡ್ತು?"

"ಕುದುರೆ ಥರ. ಏರು ಬಂದ್ರೆ ಕತ್ತೆ."

ಮ್ಯಾನೇಜರ್ ಫೋನು ಕೈಯಲ್ಲಿ ಹಿಡಿದೇ ಶೆಡ್ಡಿಗೆ ಬಂದರು. ಆಸ್ಪತ್ರೆಯ ಹೆಡ್ ನರ್ಸ್ ಆಗತಾನೆ ಮಾತು ಮುಗಿಸಿದ್ದರು. ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ. ಸೋಮವಾರ ಐದೂ ವ್ಯಾನುಗಳು ತುಂಬಿ ಬರಬೇಕು. ತಾವೇ ಒಂದರಲ್ಲಿ ಕೂತು ಬರುತ್ತಾರೆ. ಒಂದು ನಿಂತರೂ ಬುಧವಾರದಿಂದ ಬೇರೆ ಗಾಡಿ.

"ಪಂಪು ಹೋಗಿರುತ್ತೆ," ಎಂದರು ಮ್ಯಾನೇಜರ್. "ಡೀಸೆಲ್ ಫಿಲ್ಟರ್ ಅಂತೂ ಅಲ್ಲ. ಹಾಕಿ ಬರೀ ಇಪ್ಪತ್ತೆರಡು ಸಾವಿರ ಆಗಿದೆ. ಪುಸ್ತಕದಲ್ಲಿ ನಲವತ್ತು ಅಂತಿದೆ."

"ಪುಸ್ತಕಕ್ಕೆ ನಮ್ಮ ಟ್ಯಾಂಕ್ ಗೊತ್ತಿಲ್ಲ ಸಾರ್," ಎಂದರು ಸೋಸಕ್ಕ.

"ನೋಡಿ, ಎತ್ತು ಏರಿಗೆಳೆದ್ರೆ ಕೋಣ ನೀರಿಗೆ ಅನ್ನೋ ಹಾಗೆ ಆಗ್ತಿದೆ ನಮ್ಮಿಬ್ಬರದ್ದು. ಸೋಮವಾರದವರೆಗೆ ನಿಮ್ಮ ಇಷ್ಟದಂತೆ ಮಾಡಿ. ಐದೂ ಹತ್ತಿದ್ರೆ ನಿಮ್ಮ ಲೆಕ್ಕವೇ ಡಿಪೋದ ಲೆಕ್ಕ. ಒಂದು ನಿಂತ್ರೂ ಫಿಲ್ಟರ್ ಕೆಲಸ ಹೊರಗಿನವರಿಗೆ ಕೊಡ್ತೀನಿ. ನೀವು ವಾಪಸ್ ತೊಳೆಯೋ ಕಡೆಗೆ."

ಹದಿನೆಂಟು ವರ್ಷ ಹಿಂದಕ್ಕೆ ಹೋಗುವ ಮಾತು ಅದು. ಶೆಡ್ಡಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಗ್ಲಿ," ಎಂದರು ಸೋಸಕ್ಕ. "ಅಲ್ಲೀವರೆಗೆ ಆ ಪಟ್ಟಿ ಇಳಿಸಿ."

"ಇಳಿಸಲ್ಲ. ಮುಚ್ಚಿಡ್ತೀನಿ." ಅವರೇ ಹೋಗಿ ಪಟ್ಟಿಯ ಮೇಲೆ ಒಂದು ಹಳೇ ಪೇಪರು ಅಂಟಿಸಿದರು.

ಏಳನೇ ನಂಬರಿನ ಡೀಸೆಲ್ ಫಿಲ್ಟರನ್ನು ಸೋಸಕ್ಕ ಬಿಚ್ಚಿ, ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಗರಗಸದಿಂದ ತಗಡು ಕೊಯ್ದರು. ಒಳಗಿನ ಕಾಗದ ಕಂದು ಬಣ್ಣದ ಕೆಸರಿನಲ್ಲಿ ಅದ್ದಿದಂತಿತ್ತು. ಬೆರಳಲ್ಲಿ ಒರೆಸಿದರೆ ತುಕ್ಕಿನ ಕಣ. ಪಕ್ಕದಲ್ಲಿ, ತಂತಿಯಿಂದ ಇಳಿಸಿದ ಮೂರನೇ ನಂಬರಿನದನ್ನು ಇಟ್ಟರು. ಹೆದ್ದಾರಿ ವ್ಯಾನಿನದು, ಮೂವತ್ತಾರು ಸಾವಿರ ಓಡಿದ್ದು. ಅದು ಇನ್ನೂ ಬರೀ ಬೂದು.

"ಇದು ಹೆದ್ದಾರಿ ಬಂಕಿನ ಡೀಸೆಲ್ ಕುಡಿದದ್ದು," ಎಂದು ಮ್ಯಾನೇಜರಿಗೆ ತೋರಿಸಿದರು. "ಇದು ನಮ್ಮ ಟ್ಯಾಂಕಿಂದು. ಗುಡ್ಡದ ವ್ಯಾನೆಲ್ಲ ಇಲ್ಲೇ ತಾನೇ ತುಂಬಿಸ್ಕೊಳ್ಳೋದು? ಸಪಾಟಲ್ಲಿ ಎಂಜಿನ್ನು ಗುಟುಕು ಗುಟುಕಾಗಿ ಕುಡಿಯುತ್ತೆ, ಅಷ್ಟು ಈ ಕೆಸರಿನಲ್ಲೂ ದಾಟುತ್ತೆ. ಏರಲ್ಲಿ ಗಟಗಟ ಬೇಕು. ಸಿಗಲ್ಲ. ನಿಲ್ಲುತ್ತೆ."

ಡಿಪೋದ ಹಿಂದೆ ನಾಲ್ಕು ಕಂಬಗಳ ಮೇಲೆ ಕೂತಿದ್ದ ಡೀಸೆಲ್ ಟ್ಯಾಂಕಿನ ಕೆಳನಲ್ಲಿಯನ್ನು ಮ್ಯಾನೇಜರ್ ತಾವೇ ತಿರುಗಿಸಿ ಒಂದು ಗಾಜಿನ ಬಾಟಲಿ ಹಿಡಿದರು. ಮೊದಲು ಬಂದದ್ದು ನೀರು. ಆಮೇಲೆ ಕಾಫಿಯಂಥದ್ದು. ಡೀಸೆಲ್ ಬರಲು ಮೂರನೇ ಬಾಟಲಿಯಾಯಿತು.

"ಇದನ್ನ ಯಾವಾಗ ತೊಳೆದಿದ್ದು?"

"ನಿಮ್ಮ ಮದುವೆಗೆ ಮುಂಚೆ ಸಾರ್," ಎಂದ ಸ್ಟೋರಿನವನು.

ಯಾರೂ ನಗಲಿಲ್ಲ. ಮೊದಲು ನಕ್ಕವರು ಅಳಿಯಂದಿರೇ. ಆ ಸಂಜೆಯೇ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿದರು. ಸ್ಟೋರಿನಲ್ಲಿ ಆರು ಡೀಸೆಲ್ ಫಿಲ್ಟರುಗಳಿದ್ದವು. ಗುಡ್ಡದ ಐದೂ ವ್ಯಾನುಗಳ ಟ್ಯಾಂಕು ಬಸಿದು, ಹೊಸ ಫಿಲ್ಟರ್ ಹಾಕಿ, ಕೈಪಂಪು ಒತ್ತಿ ಒಳಗಿನ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಹಾಕುವಷ್ಟರಲ್ಲಿ ಶನಿವಾರ ಮಧ್ಯಾಹ್ನವಾಯಿತು.

ಆಯಿಲ್ ಫಿಲ್ಟರಿನದು ಬೇರೆ ಕಥೆ. ಅದು ದೂರು ಹೇಳುವ ಜಾತಿಯದಲ್ಲ. ಕಟ್ಟಿಕೊಂಡರೆ ಅದರೊಳಗಿನ ಒಂದು ಸಣ್ಣ ಕಳ್ಳಬಾಗಿಲು ತೆರೆದುಕೊಂಡು, ಆಯಿಲ್ ಸೋಸಿಕೊಳ್ಳದೆ ಹಾಗೇ ಸುತ್ತತೊಡಗುತ್ತದೆ. ಡ್ರೈವರಿನ ಮುಂದೆ ಯಾವ ದೀಪವೂ ಹತ್ತುವುದಿಲ್ಲ. ಗುಡ್ಡದ ಮೇಲೆ ರೋಗಿಗಳಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಡ್ರೈವರುಗಳು ಎಸಿ ಹಾಕಿಕೊಂಡು, ಎಂಜಿನ್ ಆರಿಸದೆ, ವ್ಯಾನಿನಲ್ಲೇ ಒರಗಿರುತ್ತಾರೆ. ನಿಂತ ಗಾಡಿಯ ಕಿಲೋಮೀಟರು ಏರುವುದಿಲ್ಲ. ಆಯಿಲಿನ ದುಡಿಮೆ ಮಾತ್ರ ನಿಲ್ಲುವುದಿಲ್ಲ. ಆರು ಸಾವಿರ ದಾಟಿದ್ದ ಎರಡು ವ್ಯಾನುಗಳಿಗೆ ಸೋಸಕ್ಕ ಆಯಿಲನ್ನೂ ಅದರ ಫಿಲ್ಟರನ್ನೂ ಒಟ್ಟಿಗೆ ಬದಲಿಸಿದರು. ಹೊಸ ಆಯಿಲಿಗೆ ಹಳೆ ಫಿಲ್ಟರ್ ಬಿಡುವುದು ಅವರ ಪ್ರಕಾರ ಸ್ನಾನ ಮಾಡಿ ಕೊಳೆ ಬಟ್ಟೆ ಉಟ್ಟ ಹಾಗೆ.

ಉಳಿದದ್ದು ಏರ್ ಫಿಲ್ಟರ್. ಇಲ್ಲಿ ಇಕ್ಕಟ್ಟಾಯಿತು. ಪಟ್ಟಿ ಬಂದ ಮೇಲೆ ಖರೀದಿ ಕಡಿಮೆಯಾಗಿ, ಸ್ಟೋರಿನಲ್ಲಿ ಉಳಿದದ್ದು ಎರಡೇ ಎರಡು. ಹೊಸವು ಬರಲು ಹತ್ತು ದಿನ. ಐದು ವ್ಯಾನಿಗೆ ಎರಡು ಫಿಲ್ಟರ್.

ಸೋಸಕ್ಕ ಶೆಡ್ಡಿನ ಬಾಗಿಲೆಳೆದು ಕತ್ತಲು ಮಾಡಿದರು. ಉದ್ದ ವೈರಿನ ಬಲ್ಬೊಂದನ್ನು ಹಚ್ಚಿ, ಡಬ್ಬದಾಕಾರದ ಫಿಲ್ಟರಿನ ಹೊಟ್ಟೆಯೊಳಗೆ ಇಳಿಬಿಟ್ಟು ಸುತ್ತ ತಿರುಗಿಸಿ ನೋಡಿದರು. ಐವರು ಡ್ರೈವರುಗಳೂ ಮ್ಯಾನೇಜರೂ ಸುತ್ತ ನಿಂತಿದ್ದರು.

ಹನ್ನೊಂದನೇ ನಂಬರಿನದು ಹನ್ನೆರಡು ಸಾವಿರ ಓಡಿತ್ತು. ಬಲ್ಬು ಹೊಟ್ಟೆಯಲ್ಲಿದ್ದರೂ ಹೊರಗೆ ಬೆಳಕಿನ ಸುಳಿವೇ ಇಲ್ಲ. ಒಂದು ಹೊಸ ಫಿಲ್ಟರ್ ಅದಕ್ಕೆ ಎಂದು ಯಾರೂ ಹೇಳಬೇಕಾಗಲಿಲ್ಲ. ಐದು, ಒಂಬತ್ತು ಇನ್ನೂ ಚೆನ್ನಾಗಿದ್ದವು. ಎರಡನೇ ನಂಬರಿನದು ಎಂಟು ಸಾವಿರ ಓಡಿತ್ತು. ಮೇಲ್ಮೈ ಒಲೆಯ ಗೋಡೆಯಂತೆ ಕಪ್ಪು.

"ಇನ್ನೊಂದು ಇದಕ್ಕೆ," ಎಂದರು ಮ್ಯಾನೇಜರ್.

"ತಾಳಿ ಸಾರ್. ಬೆಳಕು ಇನ್ನೂ ಹಾಯ್ತಾ ಇದೆ ನೋಡಿ. ಮಂಕಾಗಿ, ಆದ್ರೆ ಎಲ್ಲ ಕಡೆ ಒಂದೇ ಸಮ. ಕಪ್ಪಾಗೋದು ಅದರ ಕೆಲಸ. ಧೂಳು ಅದರ ಮೇಲೆ ಇದೆ ಅಂದ್ರೆ ಎಂಜಿನ್ ಒಳಗಿಲ್ಲ ಅಂತ ಅರ್ಥ."

ಕೊನೆಗೆ ಏಳನೇ ನಂಬರಿನದು. ಹಾಕಿ ನಾಲ್ಕೇ ಸಾವಿರ. ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು. ಸೋಸಕ್ಕ ಬಲ್ಬು ಇಳಿಸಿದರು. ನೆರಿಗೆಗಳ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂತೆ ಚುಕ್ಕಿ ಚುಕ್ಕಿ ಬೆಳಕು ಹೊರಬಂತು. ಹತ್ತಲ್ಲ, ಇಪ್ಪತ್ತಲ್ಲ.

ಸೋಸಕ್ಕ ಒಂದು ಚುಕ್ಕಿಯ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು: "ಇದಕ್ಕೆ ಯಾರು ಗಾಳಿ ಹೊಡೆದದ್ದು?"

"ನಾನೇನೂ ಪಂಚರ್ ಅಂಗಡಿಗೆ ಹೋಗಿಲ್ಲಪ್ಪ," ಎಂದಳು ನಾದಿನಿ.

"ಪಂಚರ್ ಅಂಗಡಿ ಅಂತ ಯಾರಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ನಾದಿನಿ ತಲೆ ತಗ್ಗಿಸಿದಳು. ಪಟ್ಟಿಯ ಪ್ರಕಾರ ಇಪ್ಪತ್ತು ಸಾವಿರದವರೆಗೆ ಹೊಸದು ಸಿಗುವುದಿಲ್ಲ, ಅತ್ತಿಗೆಗೂ ಕೊಡುವ ಅಧಿಕಾರವಿಲ್ಲ. ಇರುವುದನ್ನೇ ಜೋಪಾನ ಮಾಡೋಣವೆಂದು ಶನಿವಾರ ಶನಿವಾರ ಟೈರಿಗೆ ಗಾಳಿ ತುಂಬುವ ಕೊಳವೆಯಿಂದ ಅದರ ಧೂಳು ಹಾರಿಸಿದ್ದಳು.

"ಮಗು ಮುಖ ತೊಳೆದ ಹಾಗೆ ತೊಳೀತಿದ್ದೆ ಅತ್ತಿಗೆ."

"ಮಗು ಮುಖಕ್ಕೆ ಯಾರಾದ್ರೂ ಟೈರಿನ ಗಾಳಿ ಬಿಡ್ತಾರೇನೇ? ಕಾಗದ ಅದು. ಒಳಗೆ ಹುಳುಕು, ಹೊರಗೆ ಥಳುಕು. ಈ ತೂತಲ್ಲಿ ಹೋಗ್ತಾ ಇರೋದು ಬರೀ ಧೂಳಲ್ಲ, ಕಲ್ಲಿನ ಪುಡಿ. ಎಂಜಿನ್ ಒಳಗೆ ಉಪ್ಪುಕಾಗದ ಹಾಕಿ ತಿಕ್ಕಿದ ಹಾಗೆ. ಎರಡನೇ ಹೊಸ ಫಿಲ್ಟರ್ ನಿನ್ನ ಗಾಡಿಗೆ."

ಆಗ ನಾದಿನಿ ಅತ್ತಿಗೆಯ ತೋಳು ಹಿಡಿದು ಮೂಲೆಗೆ ಎಳೆದಳು. ಶೆಡ್ಡು ಸಣ್ಣದು, ಪಿಸುಮಾತು ಎಲ್ಲರಿಗೂ ಕೇಳಿಸಿತು.

"ಅತ್ತಿಗೆ, ಬುದ್ಧಿ ಇದೆಯಾ ನಿಮಗೆ? ತೂತಿದ್ರೆ ಗಾಳಿ ಜಾಸ್ತಿನೇ ಹೋಗುತ್ತೆ. ನನ್ನ ಗಾಡಿ ಸೋಮವಾರ ಹಾಗೇ ಹತ್ತುತ್ತೆ. ಹೊಸದನ್ನ ಆ ಎರಡನೇದಕ್ಕೆ ಹಾಕಿ. ನಿಂತ್ರೆ ಅದು ನಿಲ್ಲುತ್ತೆ, ನನ್ನದಲ್ಲ. ಎಂಜಿನ್ ಸವೆಯೋದು ಆರು ತಿಂಗಳಾದ ಮೇಲೆ ತಾನೇ? ಮೊದಲು ನಿಮ್ಮ ಕೆಲಸ ಉಳಿಸ್ಕೊಳ್ಳಿ."

ಅದು ನಿಜವಾಗಿತ್ತು. ಹರಿದ ಫಿಲ್ಟರ್ ಯಾವ ವ್ಯಾನನ್ನೂ ಸೋಮವಾರ ನಿಲ್ಲಿಸುವುದಿಲ್ಲ. ಕಪ್ಪಾದದ್ದು ನಿಲ್ಲಿಸಿದರೂ ನಿಲ್ಲಿಸೀತು. ಕೆಲಸ ಉಳಿಸಿಕೊಳ್ಳುವ ದಾರಿ ಒಂದು ಕಡೆ, ಎಂಜಿನ್ ಉಳಿಸುವ ದಾರಿ ಇನ್ನೊಂದು ಕಡೆ.

ಸೋಸಕ್ಕ ಎರಡನೇ ನಂಬರಿನ ಫಿಲ್ಟರನ್ನು ಮತ್ತೊಮ್ಮೆ ಎತ್ತಿ ಬಲ್ಬಿನ ಮೇಲೆ ಹಿಡಿದರು. ಸುತ್ತ ಒಂದು ಸಲ, ಇನ್ನೊಂದು ಸಲ ತಿರುಗಿಸಿದರು. "ಇದು ಹತ್ತುತ್ತೆ," ಎಂದರು. ಹೊಸ ಫಿಲ್ಟರಿನ ಪೊಟ್ಟಣ ಒಡೆದು ಏಳನೇ ನಂಬರಿಗೆ ಕೂರಿಸಿದರು. ಬೆಳ್ಳಗಿದ್ದದ್ದು ಕಸದ ಡಬ್ಬಕ್ಕೆ ಹೋಯಿತು.

"ಎರಡನೇದು ನಿಂತ್ರೆ?" ಮ್ಯಾನೇಜರ್ ಕೇಳಿದರು.

"ಪೈಪು ಎಲ್ಲಿಟ್ಟಿದ್ದೀರಿ ಅಂತ ತೋರಿಸಿ ಸಾರ್, ಮಂಗಳವಾರದಿಂದ ತೊಳೀತೀನಿ."

ಸೋಮವಾರ ಬೆಳಿಗ್ಗೆ ಏಳಕ್ಕೆ ಐದು ವ್ಯಾನುಗಳು ಸಾಲಾಗಿ ಹೊರಟವು. ಮುಂದೆ ಏಳನೇ ನಂಬರು, ಹಿಂದೆಯೇ ಎರಡನೆಯದು. ಸೋಸಕ್ಕ ಎರಡನೆಯದರಲ್ಲಿ, ಡ್ರೈವರಿನ ಪಕ್ಕ ಕೂತರು. ಆ ಡ್ರೈವರಿಗೆ ಡಿಪೋದಲ್ಲಿ ಗಡಿಯಾರ ಎಂದು ಹೆಸರು. ನಿಮಿಷ ತಪ್ಪದ ಮನುಷ್ಯ, ಮಾತು ಮಾತ್ರ ಗಂಟೆಗೊಂದೇ. ಹಿಂದಿನ ಸೀಟಿನಲ್ಲಿ ಹೆಡ್ ನರ್ಸ್, ಅವರ ಪಕ್ಕ ನಿವೃತ್ತ ಮೇಷ್ಟ್ರು. ಶುಕ್ರವಾರ ಕಲ್ಲಿನ ಮೇಲೆ ಕೂತಿದ್ದ ಮೇಷ್ಟ್ರು ಈ ಸಲ ಕೂರಲು ಒಂದು ಮಡಿಸಿದ ಚಾಪೆಯನ್ನೇ ತಂದಿದ್ದರು.

"ಯಾಕೆ ಮೇಷ್ಟ್ರೇ, ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದರು ಸೋಸಕ್ಕ.

"ನಂಬಿಕೆ ಇದೆಯಮ್ಮ. ಕಲ್ಲು ಗಟ್ಟಿಯಿತ್ತು ಅಷ್ಟೆ."

"ಏನು ರಿಪೇರಿ ಮಾಡಿದ್ರಿ?" ನರ್ಸ್ ಕೇಳಿದರು.

"ಫಿಲ್ಟರ್ ಬದಲಾಯಿಸಿದ್ವಿ."

"ಅಷ್ಟೇನಾ?" ಎಂದವರು ಮೇಷ್ಟ್ರು. "ನಂಗೆ ವಾರಕ್ಕೆ ಮೂರು ಸಲ ಅದೇ ರಿಪೇರಿ. ನಿಮ್ಮ ವ್ಯಾನಿನ ಪಾಡೇ ವಾಸಿ."

ಕ್ವಾರಿ ದಾಟುತ್ತಿದ್ದಂತೆ ರಸ್ತೆ ಬೆಳ್ಳಗಾಯಿತು. ಏಳನೇ ನಂಬರು ಎಬ್ಬಿಸಿದ ಪುಡಿಯೊಳಗೇ ಎರಡನೆಯದು ನುಗ್ಗಬೇಕಿತ್ತು. ಮೊದಲ ತಿರುವು ಸಲೀಸಾಯಿತು. ಎರಡನೆಯದರಲ್ಲಿ ಗಡಿಯಾರ ಗೇರು ಇಳಿಸಿದ. ಎಂಜಿನ್ನಿನ ದನಿ ದಪ್ಪವಾಯಿತು, ಒಡೆಯಲಿಲ್ಲ. ಸೋಸಕ್ಕ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಕೂತಿದ್ದರು.

ಮೂರನೇ ತಿರುವಿನಲ್ಲಿ ಎದುರಿನಿಂದ ಜಲ್ಲಿ ಲಾರಿ ಬಂತು. ಅದಕ್ಕೆ ಅರ್ಧ ರಸ್ತೆ ಸಾಲಲಿಲ್ಲ. ಲಾರಿ ಹಿಂದೆ ಮುಂದೆ ಮಾಡಿ ಹೊರಳುವವರೆಗೆ ಐದೂ ವ್ಯಾನುಗಳು ನಡು ಏರಿನಲ್ಲಿ, ತುಂಬಿದ ಹೊಟ್ಟೆಯಲ್ಲಿ, ಬ್ರೇಕು ಹಿಡಿದು ನಿಲ್ಲಬೇಕಾಯಿತು. ಓಡುತ್ತಾ ಹತ್ತುವುದು ಒಂದು, ನಿಂತ ಗಾಡಿಯನ್ನು ಏರಿನಲ್ಲಿ ಎಬ್ಬಿಸುವುದು ಇನ್ನೊಂದು. ಎಂಜಿನ್ನಿಗೆ ಗಾಳಿಯೂ ಡೀಸೆಲ್ಲೂ ಒಮ್ಮೆಗೇ ಬೇಕಾಗುವುದು ಆ ಗಳಿಗೆಯಲ್ಲೇ.

ಲಾರಿ ದಾಟಿತು. ಮುಂದಿನ ಏಳನೇ ನಂಬರು ಅಲ್ಲಾಡಿ ಹೊರಟಿತು. ನಾದಿನಿ ಕಿಟಕಿಯಿಂದ ಕೈ ಹೊರಹಾಕಿ ಬಾ ಬಾ ಎಂದು ಬೀಸಿದಳು.

"ಹೂಂ," ಎಂದರು ಸೋಸಕ್ಕ.

ಗಡಿಯಾರ ಬ್ರೇಕು ಬಿಟ್ಟ. ವ್ಯಾನ್ ಒಂದು ಗೇಣು ಹಿಂದಕ್ಕೆ ಜಾರಿತು. ಮೇಷ್ಟ್ರು ಚಾಪೆ ಎಳೆದುಕೊಂಡರು. ಹಿಂದಿನಿಂದ ಒಂದು ಉಂಡೆ ಕಪ್ಪು ಹೊಗೆ ಹೊರಬಿದ್ದು, ಎಂಜಿನ್ ಒಮ್ಮೆ ನರಳಿ, ಗಾಲಿ ಜಲ್ಲಿಯನ್ನು ಕಚ್ಚಿತು. ಹೊಗೆ ತೆಳ್ಳಗಾಯಿತು. ವ್ಯಾನ್ ಏರತೊಡಗಿತು. ಕನ್ನಡಿಯಲ್ಲಿ ಐದು, ಒಂಬತ್ತು, ಹನ್ನೊಂದು ಒಂದರ ಹಿಂದೊಂದು ತಿರುವು ಹಾಯುತ್ತಿದ್ದದ್ದು ಕಂಡಿತು.

ಗಡಿಯಾರ ಆ ದಿನದ ಮೊದಲ ಮಾತಾಡಿದ: "ಹತ್ತಿದ್ವಿ ಅಕ್ಕ."

"ಇನ್ನೂ ನಾಲ್ಕು ತಿರುವಿದೆ, ರಸ್ತೆ ನೋಡು," ಎಂದರು ಸೋಸಕ್ಕ. ದನಿ ಮಾತ್ರ ನಗುತ್ತಿತ್ತು.

ಏಳು ಐವತ್ತಕ್ಕೆ ಐದೂ ವ್ಯಾನುಗಳು ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ನಿಂತವು. ನಿಗದಿಯ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ. ನಾದಿನಿ ಕೆಳಗೆ ಹಾರಿ ಅತ್ತಿಗೆಯ ಸೊಂಟ ಹಿಡಿದು ಎತ್ತಲು ನೋಡಿದಳು. ಎತ್ತಲಾಗಲಿಲ್ಲ.

"ನೀವೇನು ಲಾರಿನಾ ಅತ್ತಿಗೆ?"

"ಬಿಡೇ, ಜನ ನೋಡ್ತಾರೆ."

ಜನ ನೋಡುತ್ತಲೇ ಇದ್ದರು. ಹೆಡ್ ನರ್ಸ್ ರೋಗಿಗಳ ತಲೆ ಎಣಿಸಿ ಮುಗಿಸಿ ಸೋಸಕ್ಕನ ಕಡೆ ತಿರುಗಿದರು. "ಬುಧವಾರ ಇದೇ ಹೊತ್ತಿಗೆ ಬನ್ನಿ. ಶುಕ್ರವಾರವೂ. ಬೇರೆ ಗಾಡಿಯವರಿಗೆ ಬೇಡ ಅಂತ ಹೇಳಿಬಿಡ್ತೀನಿ."

ತಮ್ಮ ಕಾರಿನಲ್ಲಿ ಹಿಂದೆ ಬಂದಿದ್ದ ಮ್ಯಾನೇಜರ್ ಜೇಬಿನಿಂದ ಪೆನ್ನು ತೆಗೆದರು. "ಹೇಳಿ ಸೋಸಕ್ಕ, ಹೊಸ ಪಟ್ಟಿ ಬರ್ಕೋತೀನಿ. ಎಷ್ಟೆಷ್ಟು ಕಿಲೋಮೀಟರಿಗೆ?" ಅವರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು.

"ಒಂದೇ ಪಟ್ಟಿ ಆಗಲ್ಲ ಸಾರ್. ಮೂರು ಪ್ರಶ್ನೆ ಬರ್ಕೊಳ್ಳಿ. ಏರ್ ಫಿಲ್ಟರಿಗೆ, ಯಾವ ದಾರಿ ಅಂತ ಕೇಳಿ. ಹೆದ್ದಾರಿ ಆದ್ರೆ ನಿಮ್ಮ ಪುಸ್ತಕದ ಇಪ್ಪತ್ತು ಸಾವಿರವೇ ಸರಿ. ಅದರಲ್ಲಿ ನಾನೇ ತಪ್ಪಿದ್ದೆ, ಸುಮ್ಮನೆ ಹನ್ನೆರಡಕ್ಕೇ ಬಿಚ್ಚಿ ಎಸೀತಿದ್ದೆ. ಈ ಗುಡ್ಡಕ್ಕೆ ಎರಡು ಸಾವಿರಕ್ಕೊಮ್ಮೆ ಬಲ್ಬು ಹಾಕಿ ನೋಡೋದು, ಎಂಟರ ಮೇಲೆ ಒಂದು ದಿನವೂ ಬಿಡಬಾರದು. ಗಾಳಿ ಹೊಡೆಯೋ ಹಾಗಿಲ್ಲ. ಅದನ್ನ ಕೆಂಪಲ್ಲಿ ಬರೀರಿ, ನಮ್ಮ ನಾದಿನಿಗೆ ಕಾಣಿಸ್ಲಿ."

"ಬರೀರಿ, ಬರೀರಿ," ಎಂದಳು ನಾದಿನಿ.

"ಡೀಸೆಲ್ ಫಿಲ್ಟರಿಗೆ, ಎಲ್ಲಿ ಕುಡೀತು ಅಂತ ಕೇಳಿ. ಹೆದ್ದಾರಿ ಬಂಕಿಗೆ ನಲವತ್ತು. ನಮ್ಮ ಟ್ಯಾಂಕಿಗೆ ಇಪ್ಪತ್ತು, ಅದೂ ಟ್ಯಾಂಕಿನ ತಳ ತಿಂಗಳಿಗೊಮ್ಮೆ ಬಸಿದ್ರೆ. ಆಯಿಲ್ ಫಿಲ್ಟರಿಗೆ, ಎಷ್ಟು ಹೊತ್ತು ದುಡೀತು ಅಂತ ಕೇಳಿ. ಓಡೋ ಗಾಡಿಗೆ ಹತ್ತು ಸಾವಿರ. ನಿಂತು ಉರಿಯೋ ಗಾಡಿಗೆ ಆರು. ಓಡದೇ ಮೂಲೇಲಿ ನಿಂತಿದ್ರೂ ವರ್ಷಕ್ಕೊಮ್ಮೆ. ಯಾವತ್ತೂ ಆಯಿಲ್ ಜೊತೆಗೇ."

ಮ್ಯಾನೇಜರ್ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಒಂದೊಂದನ್ನೇ ಬರೆದುಕೊಂಡರು. ಒಳಗೆ ಹೋಗಬೇಕಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತು, ಅಕ್ಷರ ಚೆನ್ನಾಗಿದೆಯೇ ಎಂದು ಇಣುಕಿದರು.

"ನಿಂತು ಉರಿಯೋ ಗಾಡಿ ಅಂದ್ರೆ?" ಮ್ಯಾನೇಜರ್ ಕೇಳಿದರು.

ಸೋಸಕ್ಕ ಅಂಗಳದ ಕಡೆ ತಿರುಗಿದರು. ರೋಗಿಗಳು ಇಳಿದು ಹೋಗಿದ್ದರೂ ಐದು ವ್ಯಾನುಗಳೂ ಗುರುಗುಡುತ್ತಲೇ ನಿಂತಿದ್ದವು. ಎಸಿಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಎಲ್ಲಾ ಎಂಜಿನ್ ಆಫ್!" ಎಂದು ಕೂಗಿದರು. "ಈಗಿನಿಂದಲೇ. ಸೆಕೆ ಆದ್ರೆ ಮರದ ಕೆಳಗೆ ಕೂತ್ಕೊಳ್ಳಿ."

ಒಂದೊಂದಾಗಿ ಐದೂ ಸುಮ್ಮನಾದವು. ಆದರೂ ಎಲ್ಲೋ ಒಂದು ಎಂಜಿನ್ ಇನ್ನೂ ಓಡುತ್ತಿತ್ತು. ಎಲ್ಲರೂ ಬಾನೆಟ್ಟಿನ ಕಡೆ ನೋಡಿದರು. ಕಾಗದದ ಕೆಳಗೆ ಮ್ಯಾನೇಜರರ ಕಾರು ಸಣ್ಣಗೆ ನಡುಗುತ್ತಿತ್ತು. ಅಳಿಯಂದಿರು ಪೆನ್ನು ಬಾಯಲ್ಲಿ ಕಚ್ಚಿಕೊಂಡು, ಬೀಗದ ಕೈ ತಿರುಗಿಸಲು ಓಡಿದರು.